ಏಳನೇ ಬಾಟಲಿ

ಜಮಖಂಡಿ ಕಾಲೇಜು, ಪ್ರಾಣಿಶಾಸ್ತ್ರದ ಕೋಣೆ,
ಮೂರನೇ ಕಪಾಟು, ಏಳನೇ ಬಾಟಲಿ. ಚೀಟಿ ಉದುರಿತ್ತು.
ಮೇಡಂ ಹೇಳಿದ ಹಾಗೆ
ಅಟೆಂಡರ್ ಲಾಡ್ಲೇಸಾಬ ಹೊಸದು ಬರೆದ.

ವಂಶ: ಕಾರ್ಡೇಟ. ವರ್ಗ: ಎಲುಬುಮೀನು.
"ಕುದುರಿ ಮಾರಿ ಐತಲ್ರೀ ಇದಕ್ಕ?"
"ಮೀನ ಅದು. ಕಿವಿರು ನೋಡು."

ಜಾತಿ ಎಂಬಲ್ಲಿ ಪೆನ್ನು ನಿಂತಿತು,
ಎಲ್ಲ ಅರ್ಜಿಯಲ್ಲೂ ನಿಲ್ಲುವಂತೆ.
"ಹಿಪ್ಪೊಕ್ಯಾಂಪಸ್," ಅಂದರು.
"ಇವುಗಳೊಳಗ ಬಸಿರು ಗಂಡಿಗೆ."

ಬಾಟಲಿಯನ್ನು ಕಿಟಕಿಗೆ ಹಿಡಿದ.
ಕೃಷ್ಣೆಯ ಮೀನೆಲ್ಲ ಗೊತ್ತು, ಕಡಲು ಕಂಡವನಲ್ಲ.
ಫಾರ್ಮಾಲಿನ್ನಿನ ಹಳದಿಯಲ್ಲಿ
ಹೊಟ್ಟೆಯ ಚೀಲ ಇನ್ನೂ ಬಿಗಿದೇ ಇತ್ತು.

ಒಂದು ಕಾಲಕ್ಕೆ ಇದೇ ಕೋಣೆಯನ್ನು
ಎದೆಗೆ ಮಗಳನ್ನು ಕಟ್ಟಿಕೊಂಡು ಗುಡಿಸುತ್ತಿದ್ದವನು
ಮೇಡಂ ಅತ್ತ ಹೋದಮೇಲೆ
ಚೀಟಿಯ ಅಂಚಿನಲ್ಲಿ, ಸಣ್ಣದಾಗಿ, ಸೇರಿಸಿದ:
ಗಂಡು. ದಿನ ತುಂಬಿದ್ದವು.