ಸೇತುವೆಯ ಮೇಲೆ ಟಿಕೆಟ್ ಕೊಡುವುದಿಲ್ಲ

ಮಾರ್ಚ್ ಎಂಟಕ್ಕೆ ಡಿಪೋದಲ್ಲಿ ಶಾಲು ಹೊದಿಸಿದರು,
ಮೈಕು ಕೈಗಿಟ್ಟು ಕೇಳಿದರು: ನಿಮ್ಮ ಯಶಸ್ಸಿನ ಗುಟ್ಟೇನು?
ಚಿಲ್ಲರೆ, ಅಂದೆ.
ಎಲ್ಲರೂ ನಕ್ಕರು. ಫೋಟೋದಲ್ಲೂ ನಗುತ್ತಲೇ ಇದ್ದಾರೆ.
ನಾನೊಬ್ಬಳು ನಿಜ ಹೇಳಿ ಸಿಕ್ಕಿಬಿದ್ದವಳ ಹಾಗೆ
ಹಾರದ ಮೇಲಿನ ಇರುವೆ ನೋಡುತ್ತಿದ್ದೇನೆ.

ಮನೆಗೆ ಬಂದಮೇಲೆ ಹೊಳೆಯಿತು, ಹೇಳಬೇಕಾದ್ದು ಬೇರೆ ಇತ್ತು.

ಕಾರವಾರ, ಮಾಜಾಳಿ, ಹೋಗಿ ಬಂದು ದಿನಕ್ಕೆ ಹತ್ತು ಸಲ
ನಾನು ಕಾಳಿಯನ್ನು ದಾಟುತ್ತೇನೆ.
ಕೋಡಿಬಾಗದಲ್ಲಿ ಹತ್ತಿದವರು ನೋಟು ಚಾಚುತ್ತಾರೆ,
ಬಸ್ಸು ಸೇತುವೆಗೆ ಮೂಗು ಚಾಚುತ್ತದೆ,
ನಾನು ಮಷೀನನ್ನು ಹೊಟ್ಟೆಗೆ ಒತ್ತಿ ಹಿಡಿದು
ಪಶ್ಚಿಮದ ಕಿಟಕಿಗೆ ತಿರುಗಿಬಿಡುತ್ತೇನೆ.
ಆಚೆ ದಡ ಮುಟ್ಟುವವರೆಗೆ ಕೊಡುವುದಿಲ್ಲ, ಕೇಳುವುದಿಲ್ಲ,
ಯಾರ ಚಿಲ್ಲರೆಗೂ ನಾನು ಬಾಕಿ ಅಲ್ಲ.

ಏನು ಕಾಣುತ್ತದೆ ಅಂತ ಕೇಳಿದರೆ, ನೀರು.
ಉಬ್ಬರದಲ್ಲಿ ಕಡಲು ಒಳಗೆ ಬರುವ ನೀರು,
ಇಳಿತದಲ್ಲಿ ಹೊಳೆ ಹೊರಗೆ ಹೋಗುವ ನೀರು,
ನಡುವೆ ಒಂದು ಗಳಿಗೆ ಎರಡೂ ಅಲ್ಲದ್ದು,
ತವರಿಗೂ ಅಲ್ಲ, ಗಂಡನ ಮನೆಗೂ ಅಲ್ಲ,
ಸುಮ್ಮನೆ ನಿಂತ ನೀರು.
ಅದು ಸಿಕ್ಕ ದಿನ ನನಗೆ ಬೋನಸ್ಸು.

ನಮ್ಮ ಆಯಿ ಕೂತು ಚಾ ಕುಡಿದದ್ದನ್ನು ನಾನು ಕಂಡಿಲ್ಲ.
ಒಲೆಗೆ ಬೆನ್ನು, ಬಾಗಿಲಿಗೆ ಕಿವಿ, ಬಸಿಯಲ್ಲಿ ಎರಡು ಗುಟುಕು,
ಮೂರನೆಯದಕ್ಕೆ ಯಾರೋ ಕರೆದಿರುತ್ತಿದ್ದರು.
ಅದಕ್ಕೇ ಇರಬೇಕು, ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ
ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾನು ಕೂತೇ ಕುಡಿಯುತ್ತೇನೆ.
ಡ್ರೈವರ್ ಇನಾಸ ಹಾರ್ನ್ ಒತ್ತುತ್ತಾನೆ. ಒತ್ತಲಿ.
ತಳದ ಸಕ್ಕರೆಯನ್ನು ಬೆರಳಿಂದ ತೆಗೆದು ತಿನ್ನುತ್ತೇನೆ.
ಅದು ಆಯಿಯ ಪಾಲು.

ಮೀನಿನ ಗುಲಾಬಿ ತಾಂಡೇಲ ನನಗಿಂತ ಗಟ್ಟಿ.
ಬುಟ್ಟಿಯ ಬಂಗಡೆಯಲ್ಲಿ ಎಲ್ಲಕ್ಕೂ ದಪ್ಪಗಿನದನ್ನು
ಬೆಳಿಗ್ಗೆಯೇ ಬದಿಗಿಟ್ಟು ಹಳೇ ಸೀರೆಯ ಚಿಂದಿ ಮುಚ್ಚುತ್ತಾಳೆ.
ಎಷ್ಟಕ್ಕೆ ಅದು? ಅಂದರೆ, ಮಾರಿ ಆಯ್ತು, ಅನ್ನುತ್ತಾಳೆ.
ಯಾರಿಗೆ?
ನಂಗೆ.
ಹೆಂಗಸರಿಗೆ ಮಷೀನು ಸೊನ್ನೆಯ ಟಿಕೆಟ್ ಕೊಡುತ್ತದಲ್ಲ,
ಆ ಸೊನ್ನೆಯನ್ನೂ ಅವಳು ಎಸೆಯುವುದಿಲ್ಲ,
ಎಲೆಯಡಿಕೆಯ ಚೀಲದಲ್ಲಿ ಮಡಚಿಡುತ್ತಾಳೆ.
"ಸೊನ್ನೆ ಆದರೇನು ಬಾಯಿ, ಕೂತದ್ದಕ್ಕೆ ಸಾಕ್ಷಿ ಉಂಟಲ್ಲ."

ಹೋದ ಆಷಾಢದಲ್ಲಿ ಸದಾಶಿವಗಡದ ತಿರುವಿಗೆ
ಚೆಕ್ಕಿಂಗಿನವರು ಹತ್ತಿದರು. ಮೂವರ ಕೈ ಖಾಲಿ.
ಏನಮ್ಮಾ, ನಿದ್ದೆಯೋ?
ಅಲ್ಲ ಸಾರ್, ನೋಡುತ್ತಿದ್ದೆ.
ಏನನ್ನು?
ಹೊಳೆಯನ್ನು ಅಂತ ಬರೆಯಲು ಮೆಮೋದಲ್ಲಿ ಕಾಲಂ ಇರಲಿಲ್ಲ.
ಕರ್ತವ್ಯಲೋಪ ಎಂದು ಬರೆದು ಸಹಿ ಕೇಳಿದರು.
ಹಾಕಿದೆ, ಪೂರ್ತಿ ಹೆಸರು: ಶೇವಂತಿ ಬೀರಾ ಹರಿಕಂತ್ರ,
ಕೊನೆಯ ಅಕ್ಷರಕ್ಕೆ ಬಾಲ ಎಳೆದು.
ರಾತ್ರಿ ಅಳು ಬಂತು, ದಂಡಕ್ಕಲ್ಲ,
ಲೋಪ ಎಂಬ ಶಬ್ದಕ್ಕೆ.

ಮರುದಿನ ಸೇತುವೆ ಬಂದಾಗ ಬೆರಳು ತಾನಾಗಿ ಮಷೀನಿಗೆ ಹೋಯಿತು.
ಆರು ದಿನ ಹೀಗೇ ಚೊಕ್ಕ ಟಿಕೆಟ್ ಹರಿದೆ,
ಲೆಕ್ಕ ಒಂದು ಪೈಸೆ ತಪ್ಪಲಿಲ್ಲ,
ಮನೆಗೆ ಹೋಗಿ ಕಾರಣವಿಲ್ಲದೆ ಮಗಳ ಮೇಲೆ ರೇಗಿದೆ.

ಏಳನೆಯ ದಿನ ಕೋಡಿಬಾಗದಲ್ಲಿ ಹತ್ತಿದ ಹೊಸ ಹುಡುಗಿ,
ನರ್ಸಿಂಗ್ ಕಲಿಯುವವಳು, ಆಧಾರ್ ಚಾಚಿ: ಆಂಟಿ, ಟಿಕೆಟ್.
ನಾನು ಗುಂಡಿ ಒತ್ತುವ ಮೊದಲೇ ಹಿಂದಿನ ಸೀಟಿನಿಂದ ಗುಲಾಬಿ:
"ಥಾಂಬ್ ಗೋ! ಪೂಲ್ ದಾಟಲಿ."
ಹುಡುಗಿ ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು,
ಆಮೇಲೆ ನಾನು ನೋಡುತ್ತಿದ್ದ ಕಡೆ.
ಕೂರ್ಮಗಡದ ಈಚೆ ಒಂದು ದೋಣಿ.
ನೀರು ನಿಂತಿತ್ತು.