ಠೇವಣಿಯ ಠ

ಚಳ್ಳೂರ ಪಂಪಣ್ಣನ ಮೊದಲ ಬೋರ್ಡು ಬರೆದವ ನಾನೇ.
ಎಣ್ಣೆ ಡಬ್ಬಿ ಕತ್ತರಿಸಿದ ತಗಡು, ಲೂನಾ ಗಾಡಿಯ ಮುಂದೆ:
‘ಪಿಗ್ಮಿ’. ಎರಡೇ ಅಕ್ಷರ, ಎರಡು ಚಹಾದ ಕೂಲಿ.
ಆಗವನು ರೈಸ್‌ಮಿಲ್ಲಿನ ಗುಮಾಸ್ತ,
ರೆಪ್ಪೆಯ ಮೇಲೆ ತೌಡು, ಕಿವಿಯ ಮೇಲೆ ಪೆನ್ನು,
ಹಮಾಲರ ಬೆವರು ಆರುವ ಮೊದಲೇ
ಹತ್ತು ರೂಪಾಯಿ ಇಸಕೊಂಡು ಚೀಟಿ ಹರಿದು ಕೊಡುವವ.
ಒಂದು ಪೈಸೆ ಆಚೀಚೆ ಆದದ್ದಿಲ್ಲ. ಅದನ್ನೂ ಹೇಳಬೇಕು.

ಎಂಟು ವರ್ಷಕ್ಕೆ ಗಂಗಾವತಿ ಬಸ್‌ಸ್ಟ್ಯಾಂಡಿನೆದುರು
ಇಪ್ಪತ್ತು ಅಡಿ ಹಲಗೆ: ‘ಧಾನ್ಯಲಕ್ಷ್ಮಿ ಸೌಹಾರ್ದ ಸಹಕಾರಿ’.
ಅರ್ಕಾವತ್ತಿಗೆ ಬಂಗಾರದ ಬಣ್ಣ ಬೇಕೆಂದ.
ಮದುವೆ ಕಾರ್ಡುಗಳಲ್ಲಿ ಕುಲದೇವರ ಕೆಳಗೇ ಅವನ ಹೆಸರು,
ಡಾಬಾದವರು ಬಿಲ್ಲು ಕೇಳುವುದು ಬಿಟ್ಟರು.
ಗಾಜಿನ ಬಾಗಿಲಿಗೆ ನಾನು ‘ಅಧ್ಯಕ್ಷರು’ ಬರೆದೆ,
ಒಳಗೆ ಗೋಡೆ ತುಂಬ ‘ಠೇವಣಿಗೆ ಶೇಕಡಾ ಹದಿನಾಲ್ಕು’.
ಠ ಬರೆಯುವುದು ನನಗಿಷ್ಟ:
ಕುಂಚ ಎತ್ತದೆ ಒಂದು ಸೊನ್ನೆ,
ಉಸಿರು ಹಿಡಿದು ಅದರ ನಡುವೆ ಚುಕ್ಕಿ.
ಏಣಿ ಇಳಿದವನು ನೇರ ಕೌಂಟರಿಗೆ ಹೋದೆ;
ಫ್ಲೆಕ್ಸ್ ಮಷೀನಿಗೆಂದು ಕೂಡಿಟ್ಟ ಒಂದು ಲಕ್ಷ ಎಂಬತ್ತು ಸಾವಿರ
ಎಣಿಸಿ ಕೊಟ್ಟೆ.
ನಾನು ಬರೆದದ್ದನ್ನು ನಾನೇ ಓದಿ ನಂಬಿದೆ.

ಆಮೇಲಿನದು ಊರಿಗೇ ಗೊತ್ತು.
ಗೋದಾಮಿನಲ್ಲಿ ಅಡವಿಟ್ಟ ಆರು ಸಾವಿರ ಚೀಲ ಸೋನಾ ಮಸೂರಿ,
ಮೊದಲ ಸಾಲು ಭತ್ತ, ಹಿಂದೆಲ್ಲ ಹೊಟ್ಟು.
ಲೆಕ್ಕದ ಸಾಹೇಬರು ಕಬ್ಬಿಣದ ಕೊಳವೆ ಚುಚ್ಚಿದರೆ
ಉಸಿರಿನಷ್ಟು ಹಗುರಾಗಿ ಸುರಿಯಿತಂತೆ.
ಸಾಲ ಎತ್ತಿದವರ ಪಟ್ಟಿಯಲ್ಲಿ ಹೆಬ್ಬೆಟ್ಟಿನ ಹಮಾಲರು:
ಹುಸೇನಪ್ಪ, ನಲವತ್ತು ಲಕ್ಷ;
ಸತ್ತು ಮೂರು ವರ್ಷವಾದ ಯಂಕೋಬ, ಐವತ್ತೈದು.
ಸೋಮವಾರ ಶಟರ್ ಏಳಲಿಲ್ಲ.
ಮಧ್ಯಾಹ್ನಕ್ಕೆ ಅದರ ಮೇಲೆ ಯಾರೋ ಇದ್ದಿಲಲ್ಲಿ ಗೀಚಿದ ಬೈಗುಳ,
ಕಾಗುಣಿತ ತಪ್ಪು.
ತಿದ್ದಲು ನನಗೆ ಕೈ ಏಳಲಿಲ್ಲ.

ಮೊನ್ನೆ ಕಚೇರಿಯಿಂದ ಕರೆ ಬಂತು:
ಅವನ ಮನೆಯ ಕಂಪೌಂಡಿಗೆ
‘ಈ ಆಸ್ತಿ ಜಪ್ತಿಯಾಗಿದೆ’, ಕೆಂಪಕ್ಷರ, ಒಂದಡಿ ಎತ್ತರ.
ಏಣಿ ಒರಗಿಸಿದೆ.
ಜಾಮೀನಿನ ಮೇಲೆ ಬಂದಿದ್ದ ಪಂಪಣ್ಣ ಲುಂಗಿಯಲ್ಲೇ ಹೊರಬಂದ,
ಏನೂ ಅನ್ನಲಿಲ್ಲ.
ಏಣಿಯ ಕಾಲು ಜಾರುತ್ತಿತ್ತು, ಹಿಡಿದುಕೊಂಡ.
ಅರ್ಧ ಬರೆದಾಗ ತಲೆಯೆತ್ತಿ,
ಹಳೆಯ ಗುಮಾಸ್ತನ ಕಣ್ಣು ಕಿರಿದು ಮಾಡಿ,
‘ಖಾಸೀಮ, ಸಾಲು ಬಲಕ್ಕ ಇಳದೈತಿ ನೋಡು’ ಅಂದ.

ನಿಜ. ಇಳಿದಿತ್ತು.
ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ
ದಾರ ಹಿಡಿ ಅಂದೆ.
ಅವನು ಆ ತುದಿ, ನಾನು ಈ ತುದಿ.