ಒಂದು ಮಾತ್ರೆ ಹೆಚ್ಚು

ಮೊಗ್ರಾಲಿನ ಶಾಲೆಯಲ್ಲಿ, ಒಂಬತ್ತನೆಯ ಕ್ಲಾಸಿನ
ಕನ್ನಡ ಡಿವಿಷನ್ನಿಗೆ ಉಳಿದದ್ದು ಹನ್ನೊಂದು ಮಕ್ಕಳು.
ಮಾತ್ರೆ ಎಂದಾಗ ಮಿಸ್ರಿಯ ಕೇಳಿದ್ದಳು:
ಗುಳಿಗೆಯಾ ಟೀಚರ್, ಊಟಕ್ಕೆ ಮೊದಲೋ, ಆಮೇಲೋ?
ನಕ್ಕವರಲ್ಲಿ ನಾನೇ ಮೊದಲು.

ಭಾಮಿನಿಯಲ್ಲಿ ಅರ್ಧ ಪದ್ಯ ಬರೆದು ತನ್ನಿ ಎಂದಿದ್ದೆ,
ಊರಿನ ಹೆಸರು ಬರಬೇಕು.
ಮೂರು ನಾಲ್ಕು, ಮೂರು ನಾಲ್ಕು.
ಆದರೆ ಕಾಸರಗೋಡು ಸಾಲಿನ ತಲೆಯಲ್ಲಿ ಕೂರುವುದಿಲ್ಲ:
ಕಾಸ ಎಂದು ಕತ್ತರಿಸಿದರೆ ರಗೋಡು ಉಳಿಯುತ್ತದೆ,
ಲಘುವಿನ ಬೆನ್ನಿಗೆ ಗುರು. ಜಗಣ. ನಿಷಿದ್ಧ.
ಮುಂದೆ ಮೂರು ಮಾತ್ರೆ ಇಟ್ಟು ನೋಡಿ,
ಕಾಸರ, ಗೋಡು, ತಾನಾಗಿ ಒಳಗೆ ಬರುತ್ತದೆ.
ಹತ್ತು ಮಕ್ಕಳು ‘ನಮ್ಮ’ ಎಂದು ಬರೆದರು.
ನಾನು ನಿರೀಕ್ಷಿಸಿದ್ದೂ ಅದನ್ನೇ, ಸುಳ್ಳು ಯಾಕೆ;
ಬಸ್ಸಿನ ಬೋರ್ಡಿನಲ್ಲಿ ಬರೆದ ಊರಿಗೆ
ಒಂದು ಮಾತ್ರೆ ಕಡಿಮೆ.

ಹನ್ನೊಂದನೆಯ ಪುಸ್ತಕ:

    ಕೆಮ್ಮಿನೌಷಧಿ ತೀರಿ ಹೋಗಿದೆ
    ಒಮ್ಮೆ ಬಾಗಿಲು ತೆರೆದು ನೋಡಿದೆ
    ಉಮ್ಮ ಕಾಸರಗೋಡಿನಿಂದಲಿ ಇನ್ನೂ ಬರಲಿಲ್ಲ

ಪೆನ್ಸಿಲಿನಿಂದ ಅಕ್ಷರಗಳ ಮೇಲೆ ಗೆರೆ, ಬಟ್ಟಲು, ಗೆರೆ, ಬಟ್ಟಲು ಬಟ್ಟಲು.
ಉಮ್ಮ: ಮೂರು. ನಮ್ಮ ಎಷ್ಟು ತೂಗುತ್ತದೋ ಅಷ್ಟೇ.
ಎರಡನೆಯ ಅಕ್ಷರ ಮೂರೂ ಕಡೆ ಮಕಾರದ ಒತ್ತು.
ಇದಕ್ಕೆ ನಮ್ಮ ಉಪ್ಪಾಪ್ಪ ‘ಕಳುತ್ತು’ ಅಂತಾರೆ, ಅಂದಿದ್ದಳು,
ಕುತ್ತಿಗೆ.
ಕೆಮ್ಮು ಹಿಡಿಯುವ ಮೊದಲು ಅವರು ಮದುವೆಮನೆಗಳಲ್ಲಿ ಹಾಡುತ್ತಿದ್ದರಂತೆ,
ಲೆಕ್ಕವೆಲ್ಲ ಮೊಣಕಾಲಿನ ಮೇಲೆ, ಬೆರಳಲ್ಲಿ.

ತಪ್ಪು ಒಂದೇ: ಇನ್ನೂ.
ಮೂರಿರಬೇಕಾದಲ್ಲಿ ನಾಲ್ಕು.
‘ದೀರ್ಘ ತೆಗೆ’ ಎಂದು ಅಂಚಿನಲ್ಲಿ ಬರೆದು
ಕೆಂಪು ಶಾಯಿ ಒಣಗುವ ಮೊದಲು ಬಾಯಿಬಿಟ್ಟು ಓದಿದೆ:
ಉಮ್ಮ ಕಾಸರಗೋಡಿನಿಂದಲಿ ಇನ್ನು ಬರಲಿಲ್ಲ.

ಲಯ ಸರಿಹೋಯಿತು.
ಕಾಯುವುದು ನಿಂತುಹೋಯಿತು.

ಸ್ಟಾಫ್ ರೂಮಿನಲ್ಲಿ ನಾನು ಮತ್ತು ಫ್ಯಾನು.
ಸಾಲಿನ ಕೊನೆಯ ಆ ‘ಲ’, ಅದೂ ಒಂದೇ ಮಾತ್ರೆ;
ತುದಿಯಲ್ಲಿ ನಿಂತಿದೆ ಎಂಬ ಒಂದೇ ಕಾರಣಕ್ಕೆ
ಎರಡೆಂದು ಎಣಿಸುತ್ತ ಬಂದಿದ್ದೇವೆ, ನೂರಾರು ವರ್ಷ,
ಯಾರ ತಕರಾರೂ ಇಲ್ಲ.
ಬಾಗಿಲಲ್ಲಿ ನಿಂತವಳಿಗೆ ಅಷ್ಟು ಕೊಡಲಾರೆನೆ?

ನನ್ನ ತಿದ್ದುಪಡಿಯ ಮೇಲೆ ನಾನೇ ಗೀಟೆಳೆದೆ.
‘ಭಾವ’ ಎಂಬ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ.
ನಾಳೆ ಕೇಳಬೇಕು,
ಉಮ್ಮ ಎಷ್ಟು ಹೊತ್ತಿಗೆ ಬಂದರು,
ಗುಳಿಗೆ ಸಿಕ್ಕಿತಾ.